ಕೈಗುಣ

ಮಗಳ ಜೀನ್ಸ್ ಜೇಬಿನಿಂದ ಬಿದ್ದ ಚೀಟಿಯನ್ನು ಓದಿದ ವಸುಧಾ ವಾಷಿಂಗ್ ಮೆಷಿನ್ನಿಗೆ ಒರಗಿ ನಿಂತುಬಿಟ್ಟಳು. ಅದರಲ್ಲಿದ್ದದ್ದು ಎರಡೇ ಸಾಲು: ಒಂದು ಫೋನ್ ನಂಬರು, ಅದರ ಕೆಳಗೆ 10741.

ಆ ಫೋನ್ ನಂಬರು ಅವಳಿಗೆ ಬಾಯಿಪಾಠ. ಮೂರು ತಿಂಗಳಿಂದ ಅವಳು ಹೋರಾಡುತ್ತಿದ್ದುದೇ ಅದರ ವಿರುದ್ಧ. ಅಮೆರಿಕದ ಪಾಲೋ ಆಲ್ಟೋದಲ್ಲಿದ್ದ ಅವರ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಲ್ಯಾಬು. ಬೀದಿಯಲ್ಲಿ ಕದ್ದುಮುಚ್ಚಿ ಕೊಂಡ ಅಮಲಿನ ಮಾತ್ರೆಯನ್ನು ಯಾರು ಬೇಕಾದರೂ ಕಾಗದದಲ್ಲಿ ಸುತ್ತಿ ಅಲ್ಲಿಗೆ ಅಂಚೆಯಲ್ಲಿ ಕಳಿಸಬಹುದು. ಹೆಸರು ಬೇಡ, ವಿಳಾಸ ಬೇಡ. ತಾವೇ ಆರಿಸಿಕೊಂಡ ಐದಂಕಿಯ ನಂಬರು, ಮಾತ್ರೆಯನ್ನು ಏನೆಂದು ಹೇಳಿ ಕೊಟ್ಟರು ಎಂಬ ಒಂದು ಸಾಲು, ಅಷ್ಟೇ. ವಾರ ಬಿಟ್ಟು ಫೋನ್ ಮಾಡಿ ನಂಬರು ಹೇಳಿದರೆ, ಅದರೊಳಗೆ ನಿಜವಾಗಿ ಏನಿದೆ ಎಂದು ತಿಳಿಸುತ್ತಾರೆ.

ಎಂಬತ್ತಮೂರನೇ ಇಸವಿಯಲ್ಲಿ ಊರಿಗೆ ಊರೇ ಇದೇ ವಿಷಯಕ್ಕೆ ಎರಡು ಪಾಲಾಗಿತ್ತು. ಮಗನನ್ನು ಕಳೆದುಕೊಂಡ ಒಬ್ಬ ತಾಯಿ ನಗರಸಭೆಯಲ್ಲಿ ಎದ್ದು, ನುಂಗುವವರು ಹೇಗೂ ನುಂಗುತ್ತಾರೆ, ಯಾವುದು ವಿಷ ಎಂದಾದರೂ ತಿಳಿಯಲಿ ಬಿಡಿ ಎಂದು ಅತ್ತಿದ್ದಳು. ಹೀಗೆ ಪರೀಕ್ಷೆ ಮಾಡಿಕೊಟ್ಟರೆ ಮಕ್ಕಳಿಗೆ ಇನ್ನಷ್ಟು ಧೈರ್ಯ ಬರುತ್ತದೆ ಎಂದು ವಸುಧಾ ಎದುರು ವಾದಿಸಿದ್ದಳು. ಭಾಷಣ ಬರೆದುಕೊಟ್ಟವನು ಗಂಡ, ಡಾಕ್ಟರ್ ಜಗನ್ನಾಥ. ನಡುವೆ ಅವಳ ನಾಲಿಗೆ ತೊದಲಿತು, ಎರಡು ಸಾಲು ಹಾರಿಹೋದವು. ಜನ ಅದನ್ನು ಹೆತ್ತ ಕರುಳಿನ ಸಂಕಟ ಎಂದುಕೊಂಡು ಕಣ್ಣೊರೆಸಿಕೊಂಡರು. ಅವಳ ಕಡೆಯವರೇ ಗೆದ್ದರು. ಬರುವ ಶುಕ್ರವಾರ ಸಂಜೆ ಐದಕ್ಕೆ ಆ ಫೋನು ಬಂದ್ ಎಂದು ತೀರ್ಮಾನವಾಯಿತು.

ಗೆದ್ದು ಬಂದವಳ ಮನೆಯಲ್ಲೇ ಈ ಚೀಟಿ! ಭಾಷಣದ ಹಿಂದಿನ ದಿನ ಮಗಳು ಜಲಜಾ ಅಡುಗೆಮನೆಗೆ ಬಂದು, ಇನ್ನೊಂದೆರಡು ವಾರ ಬಿಟ್ಟು ಮಾತಾಡಮ್ಮ ಎಂದು ಗೋಗರೆದದ್ದು ಯಾಕೆಂದು ಈಗ ಹೊಳೆಯಿತು. ಸಾಲದ್ದಕ್ಕೆ ಆ 10741. ಅಮೆರಿಕದವರ ಹಾಗೆ ತಿಂಗಳು ಮೊದಲು, ತಾರೀಖು ಆಮೇಲೆ: ನಲವತ್ತೊಂದನೇ ಇಸವಿಯ ಅಕ್ಟೋಬರ್ ಏಳು. ವಸುಧಾ ಹುಟ್ಟಿದ ದಿನ. ಇಂಥ ಹೇಸಿಗೆ ಕೆಲಸಕ್ಕೆ ಹೆತ್ತವಳ ಹುಟ್ಟುಹಬ್ಬವೇ ಬೇಕಿತ್ತೇ? ನಂಬಿಸಿ ಕತ್ತು ಕೊಯ್ದಳಲ್ಲ ಎಂದುಕೊಂಡಳು.

ಸ್ಕೂಲಿಂದ ಬಂದ ಜಲಜಾ ಚೀಟಿ ನೋಡಿದಳು. ಹದಿನಾರರ ಹುಡುಗಿ, ಅಳಲಿಲ್ಲ, ಅಲ್ಲಗಳೆಯಲೂ ಇಲ್ಲ.

"ಕಳಿಸಿದ್ದು ನಾನೇ. ಶುಕ್ರವಾರ ರಿಸಲ್ಟು ಬರ್ಲಿ, ಆಮೇಲೆ ಹೇಳ್ತೀನಿ. ಈಗ ಏನ್ ಹೇಳಿದ್ರೂ ನೀನು ನನ್ನ ನಂಬಲ್ಲ."

"ಯಾರೇ ಕೊಟ್ಟಿದ್ದು ಆ ಮಾತ್ರೆ?"

"ನಿಂಗೆ ಗೊತ್ತಿರೋರೇ, ಅಮ್ಮ."

ಯುಗಾದಿಗೆ, ದೀಪಾವಳಿಗೆ ಮನೆಗೆ ಬಂದು ಹೋಳಿಗೆ ತಿಂದುಹೋದ ಹುಡುಗರ ಮುಖಗಳೆಲ್ಲ ವಸುಧಾಳ ಕಣ್ಣಮುಂದೆ ಸಾಲುಗಟ್ಟಿದವು. ಒಬ್ಬೊಬ್ಬನಿಗೂ ಮನಸ್ಸಿನಲ್ಲೇ ಶಾಪ ಹಾಕಿದಳು.

ಸಂಜೆ ಜಗನ್ನಾಥ ಬಂದಾಗ ಎಲ್ಲವನ್ನೂ ತೋಡಿಕೊಂಡಳು. ಅವನು ಬ್ಯಾಗನ್ನು ಕೆಳಗಿಡದೆ ಕೇಳಿದ.

"ಯಾವ ಮಾತ್ರೆ ಕಳಿಸಿದ್ದಾಳೆ?"

ಗೊತ್ತಿಲ್ಲ ಎಂದಳು. ಅವನು ಚೀಟಿಯನ್ನು ಚೂರುಚೂರು ಮಾಡಿ ಟಾಯ್ಲೆಟ್ಟಿಗೆ ಹಾಕಿ ನೀರು ಬಿಟ್ಟ. ಆಮೇಲೆ ತಣ್ಣಗೆ ಕೂತು ತೀರ್ಪು ಕೊಟ್ಟ: ಭಾನುವಾರದ ವಿಮಾನಕ್ಕೆ ಜಲಜಾ ಮೈಸೂರಿಗೆ, ಅವನ ಅಕ್ಕನ ಮನೆಗೆ. ಓದು ಇನ್ನು ಅಲ್ಲೇ. ಅಲ್ಲಿಯವರೆಗೆ ಅವಳು ಫೋನ್ ಮುಟ್ಟಕೂಡದು. ಲ್ಯಾಬಿಗೆ ನೀನೂ ಫೋನ್ ಮಾಡಬೇಡ, ನಿನ್ನ ಆರೋಗ್ಯ ಇದನ್ನೆಲ್ಲ ತಡೆಯುವುದಿಲ್ಲ ಎಂದು ಹೆಂಡತಿಯ ತಲೆ ಸವರಿದ. ಎಂದಿನಂತೆ ಬಾಟಲಿ ತೆಗೆದು ವಿಟಮಿನ್ ಮಾತ್ರೆಯನ್ನು ಅವಳ ಅಂಗೈಯಲ್ಲಿಟ್ಟ.

ಜಗನ್ನಾಥನ ಕೈಗುಣವನ್ನು ಬೇ ಏರಿಯಾದ ಕನ್ನಡಿಗರೆಲ್ಲ ಕೊಂಡಾಡುತ್ತಿದ್ದರು. ಎರಡು ವರ್ಷದ ಹಿಂದೆ, ದಿನಾ ಯಾಕೆ ಇಷ್ಟು ತಡ, ಎಲ್ಲಿಗೆ ಹೋಗಿದ್ದಿರಿ ಎಂದು ಅವನನ್ನು ಕೇಳಿ ಕೇಳಿ ವಸುಧಾ ಸೊರಗಿದ್ದಾಗ, ಇದೆಲ್ಲ ನಿಶ್ಶಕ್ತಿ ಎಂದು ಗುರುತಿಸಿದವನೂ ಅವನೇ. ಅಂದಿನಿಂದ ದಿನಕ್ಕೆರಡು ಮಾತ್ರೆ, ತಾನೇ ಕೈಯಾರೆ. ಆಮೇಲೆ ಅವಳು ಏನನ್ನೂ ಕೇಳಿರಲಿಲ್ಲ, ಮನಸ್ಸು ತಣ್ಣಗಾಗಿತ್ತು. ಮರೆವು ಮಾತ್ರ ಹೆಚ್ಚಿತ್ತು. ಸಾರು ಸೀದುಹೋಗುತ್ತಿತ್ತು, ಕಾರಿನ ಕೀ ಫ್ರಿಜ್ಜಿನಲ್ಲಿ ಸಿಗುತ್ತಿತ್ತು. ಮೊನ್ನೆ ಬಾಟಲಿಯಲ್ಲಿ ಒಂದು ಮಾತ್ರೆ ಕಡಿಮೆ ಬಿದ್ದಾಗ, ನೀನೇ ಎರಡು ಸಲ ನುಂಗಿರಬೇಕು ಎಂದು ಅವನು ಗದರಿದ್ದ. ಇರಬಹುದು ಎಂದು ಅವಳೂ ಒಪ್ಪಿಕೊಂಡಿದ್ದಳು.

ಶುಕ್ರವಾರ ಸಂಜೆ ನಾಲ್ಕೂವರೆ. ಜಗನ್ನಾಥ ಕ್ಲಿನಿಕ್ಕಿನಲ್ಲಿದ್ದ. ಮಹಡಿಯ ಮೇಲೆ ಜಲಜಾ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದ ಸದ್ದು. ವಸುಧಾಗೆ ತಡೆಯಲಾಗಲಿಲ್ಲ. ಎಷ್ಟೇ ಕೆಟ್ಟರೂ ಹೊಟ್ಟೆಯಲ್ಲಿ ಹುಟ್ಟಿದ್ದು. ಸಾವಿರಾರು ಮೈಲಿ ದೂರ ಕಳಿಸುವ ಮುಂಚೆ ಕೂಸು ಏನು ನುಂಗಿದೆಯೆಂದಾದರೂ ತಿಳಿಯಬೇಡವೇ? ಚೀಟಿ ಹೋದರೇನು, ಲ್ಯಾಬಿನ ನಂಬರು ಬಾಯಲ್ಲೇ ಇತ್ತು. ಏನೆಲ್ಲ ಮರೆತರೂ ತನ್ನ ಹುಟ್ಟಿದ ದಿನ ಇನ್ನೂ ಮರೆತಿರಲಿಲ್ಲ. ಫೋನ್ ತಿರುಗಿಸಿ, ಆ ಐದು ಅಂಕಿ ಹೇಳಿದಳು.

ಆ ಕಡೆಯ ಗಂಡಸಿನ ದನಿ ಮೃದುವಾಗಿತ್ತು. ಬಲವಾದ ನಿದ್ದೆಮದ್ದು, ದಯವಿಟ್ಟು ಇದನ್ನು ಸುಮ್ಮನೆ ತೆಗೆದುಕೊಳ್ಳಬೇಡಿ ಎಂದ. ತಿಂಗಳುಗಟ್ಟಲೆ ನುಂಗಿದರೆ ಮಂಕು ಕವಿಯುತ್ತದೆ, ಮಾತು ತೊದಲುತ್ತದೆ, ಮರೆವು ಬರುತ್ತದೆ. ಈಗಾಗಲೇ ಅಭ್ಯಾಸವಾಗಿದ್ದರೆ ತಟ್ಟನೆ ಬಿಡಲೂಬಾರದು, ಬೇರೆ ಡಾಕ್ಟರೊಬ್ಬರಿಗೆ ತೋರಿಸಿ ಎಂದ.

ವಸುಧಾ ಸೆರಗಿನಿಂದ ಕಣ್ಣೊತ್ತಿಕೊಂಡಳು. ಆ ಪಾಪಿ ಯಾವನು ಎಂದು ತಿಳಿಯಲೇಬೇಕಿತ್ತು.

"ಕೊಟ್ಟವನು ಏನೆಂದು ಹೇಳಿ ಕೊಟ್ಟನಂತೆ? ಬರೆದಿದ್ದಾಳೆಯೇ?"

ಕಾಗದ ತಿರುವಿದ ಸದ್ದು ಕೇಳಿತು.

"ಬರೆದಿದೆ ಮೇಡಮ್: 'ವಿಟಮಿನ್ ಎಂದು ಹೇಳಿ ಅಪ್ಪ ದಿನಾ ಅಮ್ಮನಿಗೆ ಕೊಡುವ ಮಾತ್ರೆ.'"