ಗ್ರಾಹಕರು ಕರೆ ಸ್ವೀಕರಿಸಲಿಲ್ಲ

ನೆಟ್ ಐದು ನಿಮಿಷ ನಿಂತರೆ ಮನೆ ಮೇಲೆ ಕೆಳಗೆ ಮಾಡಿ ಕೂಗಾಡುವವರು ನಾವು... ಇದನ್ನು ಮಾತ್ರ ಸ್ವಲ್ಪ ಸಮಾಧಾನದಿಂದ ಓದಿ.

ದಾವಣಗೆರೆಯಲ್ಲಿ ಹಾಲೇಶ ಅಂತ ಒಬ್ಬ. ವಯಸ್ಸು ನಲವತ್ತಾರು. ಮನೆಮನೆಗೆ ಇಂಟರ್ನೆಟ್ ಕೊಡುವ ಕಂಪನಿಯಲ್ಲಿ ಟೆಕ್ನೀಷಿಯನ್.

ಹಗಲೆಲ್ಲ ಅವನ ಫೋನಿಗೆ ಪುರುಸೊತ್ತಿಲ್ಲ. "ನೆಟ್ ಇಲ್ರೀ...", "ಯಾವಾಗ ಬರ್ತೀರಿ?", "ಲಗೂ ಬರ್ರಿ..."

ಆದರೆ ಡ್ಯೂಟಿ ಮುಗಿಸಿ ಬಾಡಿಗೆ ರೂಮಿನ ಬೀಗ ತೆಗೆದರೆ ಆ ಫೋನೂ ಗಪ್‌ಚಿಪ್. ಹೆಂಡತಿ ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ಇದ್ದೊಬ್ಬ ಅಕ್ಕನ ಜೊತೆ ಮಾತು ಬಿಟ್ಟು ಮೂರು ವರ್ಷ...

ಅಕ್ಕನ ಮಗಳ ಮದುವೆಯಲ್ಲಿ ಯಾವುದೋ ಒಂದು ಮಾತಿಗೆ ಮುನಿಸು. ಆಮೇಲೆ ಇವನೇ ಎರಡು ಸಲ ಫೋನ್ ಮಾಡಿದ. ಅಕ್ಕ ಎತ್ತಲಿಲ್ಲ. "ಬೇಡ ಅಂದ್ರೆ ಬೇಡ ಬಿಡು" ಅಂತ ಸುಮ್ಮನಾದ.

ಅಕ್ಕ ಇರುವ ಹರಿಹರವೇನು ದೂರವೇ? ಬೈಕಿನಲ್ಲಿ ಅರ್ಧ ಗಂಟೆ. ಆದರೂ ಹೋಗಲಿಲ್ಲ... ಹಟ ನೋಡಿ!

ಅವನ ಕೆಲಸದಲ್ಲೂ ಅದೇ ರೂಲ್. ಆ್ಯಪ್‌ನಲ್ಲಿ ಕಂಪ್ಲೇಂಟ್ ಬಂದರೆ ಮೊದಲು ಫೋನ್ ಮಾಡಬೇಕು. ಎರಡು ಸಲ ಮಾಡಿಯೂ ಎತ್ತದಿದ್ದರೆ "ಗ್ರಾಹಕರು ಕರೆ ಸ್ವೀಕರಿಸಲಿಲ್ಲ" ಎಂದು ಬರೆದು ಕ್ಲೋಸ್.

ಚೌಕಿಪೇಟೆಯ ಅನಸೂಯಮ್ಮ ಎಂಬುವವರ ಕಂಪ್ಲೇಂಟನ್ನು ಅವನು ಹೀಗೆ ನಾಲ್ಕು ಸಲ ಕ್ಲೋಸ್ ಮಾಡಿದ್ದ.

ಐದನೆಯದೂ ಬಂತು. "ದಯವಿಟ್ಟು ಬನ್ನಿ. ವಿಡಿಯೋ ನಿಂತು ನಿಂತು ಬರುತ್ತೆ. ಉಳಿದಿರೋದು ನಾಲ್ಕೇ ದಿನ."

"ಸೀರಿಯಲ್ ನೋಡಾಕೆ ಇಷ್ಟು ಒದ್ದಾಡ್ತಾರಲ್ಲಪ್ಪಾ!" ಎಂದು ಗೊಣಗುತ್ತ, ಈ ಸಲ ಫೋನ್ ಮಾಡದೆ ನೇರ ಹೊರಟ.

ಬಾಗಿಲು ಬಡಿದ. ಯಾರೂ ತೆಗೆಯಲಿಲ್ಲ. ಇನ್ನೂ ಜೋರಾಗಿ ಬಡಿದ. ಊಹೂಂ... "ಬಾಗಿಲು ತೆಗೆಯಲಿಲ್ಲ" ಎಂದು ಟೈಪ್ ಮಾಡಲು ಫೋನ್ ತೆಗೆದೇಬಿಟ್ಟ.

ಎದುರಿಗೆ ಹೂ ಕಟ್ಟುತ್ತಿದ್ದವಳು ಕೂಗಿದಳು. "ಏನ್ ಹಂಗ್ ಬಡೀತೀರಿ? ಅವರಿಗೆ ಹುಟ್ಟಿದಾಗಿಂದ ಕಿವಿ ಕೇಳಲ್ರೀ! ಬೆಲ್ ಒತ್ರಿ, ಒಳಗೆ ಲೈಟ್ ಹತ್ತತೈತಿ."

ಹಾಲೇಶನ ಕೈ ಅಲ್ಲೇ ನಿಂತಿತು. ಕಿವಿ ಕೇಳದವರಿಗೆ... ಎರಡೆರಡರಂತೆ ಎಂಟು ಸಲ... ಫೋನ್ ಮಾಡಿದ್ದೆನಲ್ಲ!

ಬೆಲ್ ಒತ್ತಿದ. ಅರವತ್ತರ ಆಸುಪಾಸಿನ ಹೆಂಗಸು ಬಾಗಿಲು ತೆಗೆದರು. ಇವನ ಕಂಪನಿ ಟೀ ಶರ್ಟ್ ನೋಡಿದ್ದೇ ತಡ, ಎರಡೂ ಕೈ ಜೋಡಿಸಿಬಿಟ್ಟರು.

ಹೊಲಿಗೆ ಮಿಷನ್ ಪಕ್ಕದಲ್ಲಿ ಒಂದು ತೆಳ್ಳನೆ ಲ್ಯಾಪ್‌ಟಾಪ್. ಪರದೆಯ ಮೇಲೆ ಅವರದೇ ವಯಸ್ಸಿನ ಇನ್ನೊಬ್ಬ ಹೆಂಗಸು, ಕೈ ಅರ್ಧ ಎತ್ತಿದ್ದವರು ಹಾಗೇ ನಿಂತುಬಿಟ್ಟಿದ್ದಾರೆ. ವಿಡಿಯೋ ಸ್ಟಕ್ ಆಗಿತ್ತು.

ಅನಸೂಯಮ್ಮ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದರು.

"ಇವಳು ನೂರ್‌ಜಹಾನ್. ಬಳ್ಳಾರಿಯಲ್ಲಿದ್ದಾಳೆ. ಅವಳಿಗೂ ಕಿವಿ ಕೇಳಿಸಲ್ಲ. ಒಂದೇ ಸ್ಕೂಲು, ಒಂದೇ ಹಾಸ್ಟೆಲ್ ನಾವು. ದಿನಾ ನಾಲ್ಕು ಗಂಟೆಗೆ ಕೈಯಲ್ಲೇ ಮಾತಾಡ್ತೀವಿ. ಚಿತ್ರ ನಿಂತರೆ ಮಾತೇ ನಿಂತಂಗೆ. ಸೋಮವಾರ ಅವಳ ಕಣ್ಣಿನ ಆಪರೇಷನ್. ಕಣ್ಣು ಉಳಿಯುತ್ತೋ ಇಲ್ವೋ ಡಾಕ್ಟರ್‌ಗೂ ಗೊತ್ತಿಲ್ಲ. ಕಣ್ಣು ಹೋದರೆ ನನ್ನ ಮಾತು ಅವಳಿಗೆ ಹೇಗೆ ತಲುಪುತ್ತೆ?"

ಹಾಲೇಶ ಬ್ಯಾಗ್ ಕೆಳಗಿಟ್ಟ. ಕೂಡಲೇ ಕೆಲಸಕ್ಕಿಳಿದ.

ಸ್ಪೀಡ್ ಫುಲ್ ಇತ್ತು. ಆದರೆ ಸುತ್ತಲೂ ಅಂಗಡಿ, ಒಂದೊಂದು ಅಂಗಡಿಗೂ ಒಂದೊಂದು ವೈಫೈ. ಆ ಸಂತೆಯಲ್ಲಿ ಇವರ ಸಿಗ್ನಲ್ ಕಳೆದುಹೋಗುತ್ತಿತ್ತು. ವೈರ್ ಹಾಕೋಣವೆಂದರೆ ಆ ಲ್ಯಾಪ್‌ಟಾಪಿಗೆ ನೆಟ್ ಕೇಬಲ್ ಚುಚ್ಚುವ ಜಾಗವೇ ಇಲ್ಲ!

ಬ್ಯಾಗ್ ತಡಕಾಡಿದ. ತಾನು ಬಳಸುವ ಯುಎಸ್‌ಬಿ ಹಬ್ ಸಿಕ್ಕಿತು. ಅಂಗೈಯಲ್ಲಿ ಹಿಡಿಸುವ ಡಬ್ಬಿ, ಅದರಲ್ಲಿ ನೆಟ್ ಕೇಬಲ್‌ಗೂ ಒಂದು ತೂತು. ರೌಟರಿನಿಂದ ಗೋಡೆಗುಂಟ ಕೇಬಲ್ ಎಳೆದು ಹಬ್‌ಗೆ ಚುಚ್ಚಿ, ಹಬ್ಬನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಮತ್ತೆ ಕಾಲ್ ಹಾಕಿಸಿದ.

ಪರದೆಯ ಮೇಲಿನ ಕೈ ಸರಾಗವಾಗಿ ಆಡತೊಡಗಿತು...

ನೂರ್‌ಜಹಾನ್ ಐದೂ ಬೆರಳು ಕೂಡಿಸಿ ಬಾಯಿ ಹತ್ತಿರ ಒಯ್ದು ಹುಬ್ಬು ಏರಿಸಿದರು. ಇತ್ತ ಅನಸೂಯಮ್ಮ ಸೆರಗು ಬಾಯಿಗಿಟ್ಟು ಗಳಗಳ ಅತ್ತರು.

"ಏನಂದ್ರು?" ಹಾಲೇಶ ಕೈಯಲ್ಲೇ ಕೇಳಿದ.

ಅನಸೂಯಮ್ಮ ಬರೆದರು. "ಊಟ ಆಯ್ತಾ?"

ಅಷ್ಟೇ! ಎಷ್ಟೋ ದಿನ ಕಾದು ಸಿಕ್ಕ ಮೊದಲ ಮಾತು ಅಷ್ಟೇ.

ಆಮೇಲೆ ಅವರು ಲ್ಯಾಪ್‌ಟಾಪನ್ನು ಇವನ ಕಡೆ ತಿರುಗಿಸಿದರು. ನೂರ್‌ಜಹಾನ್ ಇವನಿಗೂ ಅದನ್ನೇ ಕೇಳಿದರು. ಬೆರಳು ಬಾಯಿಗೆ, ಹುಬ್ಬು ಮೇಲಕ್ಕೆ.

ದಿನಕ್ಕೆ ಐವತ್ತು ಜನ ಅವನಿಗೆ ಫೋನ್ ಮಾಡುತ್ತಾರೆ. ಈ ಮಾತು ಕೇಳಿದವರು ಮಾತ್ರ ಮೂರು ವರ್ಷದಿಂದ ಒಬ್ಬರೂ ಇಲ್ಲ. ಅವತ್ತು ಅವನು ಊಟ ಮಾಡಿರಲಿಲ್ಲ. ಇಲ್ಲ ಎಂದು ತಲೆಯಾಡಿಸುವಷ್ಟರಲ್ಲಿ ಕಣ್ಣು ತುಂಬಿ ಬಂತು.

ಅನಸೂಯಮ್ಮ ಒಳಗೆ ಹೋಗಿ ತಟ್ಟೆ ತುಂಬ ಒಗ್ಗರಣೆ ಮಂಡಕ್ಕಿ ತಂದಿಟ್ಟರು. ಹಬ್ ಅಲ್ಲೇ ಉಳಿಯಿತು.

ಮಂಗಳವಾರ ಅವರಿಂದ ಮೆಸೇಜ್. "ಒಂದು ಕಣ್ಣು ಉಳೀತು. ಸಾಕು, ಎರಡು ಕೈ ಇದಾವಲ್ಲ."

ಹಾಲೇಶ ಅದನ್ನು ಎರಡು ಸಲ ಓದಿದ. ರಜೆ ಹಾಕಿದ. ಬೈಕ್ ಹತ್ತಿದ... ಹರಿಹರಕ್ಕೆ.

ಬೆಲ್ ಒತ್ತಿದ. ಅಕ್ಕ ಬಾಗಿಲು ತೆಗೆದಳು. ತಲೆ ಪೂರ್ತಿ ಬೆಳ್ಳಗಾಗಿತ್ತು.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಒಂದೂ ಬಾಯಿಗೆ ಬರಲಿಲ್ಲ. ಕೈ ಮಾತ್ರ ತಾನಾಗೇ ಎದ್ದಿತು. ಐದೂ ಬೆರಳು ಕೂಡಿಸಿ ಬಾಯಿ ಹತ್ತಿರ ಒಯ್ದು, ಹುಬ್ಬು ಏರಿಸಿದ.

ಅಕ್ಕನಿಗೆ ಅರ್ಥವಾಯಿತು. ಅವನ ತೋಳಿಗೆ ಒಂದೇಟು ಕೊಟ್ಟು ಅತ್ತೇಬಿಟ್ಟಳು.

"ಸಿಟ್ಟಿತ್ತು ಕಣೋ ಹಾಲೇಶಾ, ಅದಕ್ಕೇ ಎರಡು ಸಲ ಎತ್ತಲಿಲ್ಲ... ಮೂರನೇ ಸಲ ಮಾಡಿದ್ರೆ ಎತ್ತೋಣ ಅಂತ ಫೋನ್ ಮುಂದೇನೇ ಕೂತಿದ್ದೆ. ನೀ ಮಾಡ್ಲೇ ಇಲ್ಲ!"

ಫೋನ್ ಎತ್ತಲಿಲ್ಲವೆಂದು ಸಂಬಂಧವನ್ನೇ ಕ್ಲೋಸ್ ಮಾಡಬೇಡಿ... ಒಮ್ಮೆ ಹೋಗಿ ಬಾಗಿಲು ತಟ್ಟಿ.

ನಿಮ್ಮ ಮೂರನೇ ಕರೆಗಾಗಿ ಫೋನ್ ಮುಂದೆ ಕೂತಿರುವವರು ಯಾರು?