ಆರು ಫ್ರಿಜ್ಜಿನ ಮನೆ

ಗ್ಯಾಸ್ ಸಿಲಿಂಡರನ್ನು ಸೊಂಟಕ್ಕೆ ಆನಿಸಿಕೊಂಡು ಸೊಸೆ ವಾಪಸ್ ಬಂದಾಗ ಅಂಗಳ ಬೋಳಾಗಿತ್ತು. ಬೆಳಿಗ್ಗೆ ಹೋಗುವಾಗ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲು ಕಳಚಿದ ಫ್ರಿಜ್ಜುಗಳು, ಹೊಟ್ಟೆ ಬಗೆದ ವಾಷಿಂಗ್ ಮೆಷಿನ್ನುಗಳು, ತಾಮ್ರದ ಕೊಳವೆಯ ಸುರುಳಿ, ವೆಲ್ಡಿಂಗಿನ ಕಿಡಿ, ಬೈಗುಳ. ಈಗ ಒಂದು ಸ್ಕ್ರೂ ಕೂಡ ಇಲ್ಲ. ಗುಡಿಸಿ ಬೇರೆ ಇಟ್ಟಿದ್ದರು. ನಡುವೆ ಅವಳ ಮಾವ, ಅರ್ಧ ಊರಿನ ಫ್ರಿಜ್ಜು ರಿಪೇರಿ ಮಾಡಿದ ಮನುಷ್ಯ, ಏನೂ ಅರಿಯದವನ ಹಾಗೆ ಕೈಕಟ್ಟಿ ನಿಂತಿದ್ದ. ಎದುರಿಗೆ ಪುರಸಭೆಯಿಂದ ಬಂದ ಸರ್ವೇಯವನು. ಒಂದು ಕೈಯಲ್ಲಿ ಟ್ಯಾಬ್, ಇನ್ನೊಂದರಲ್ಲಿ ಅಳತೆ ಟೇಪು.

ಅವಳ ಸಿಟ್ಟು ನೆತ್ತಿಗೇರಿತು. ನಿನ್ನೆ ತಾನೇ ಪುರಸಭೆಯ ಸಭೆಗೆ ಹೋಗಿ, ಸೊಂಟ ಮುರಿಯುವ ಕುರ್ಚಿಯಲ್ಲಿ ಕೂತು, ಎಲ್ಲಾ ಕೇಳಿಕೊಂಡು ಬಂದಿದ್ದಳು. ಈ ಸಲ ನಿಮಗೆ ಏನು ಕೊರತೆ ಅಂತ ಕೇಳುವುದಿಲ್ಲವಂತೆ. ಯಾವ ಬೀದಿಯಲ್ಲಿ ಏನಿದೆ, ಯಾರ ಕೈಗೆ ಯಾವ ಕೆಲಸ ಬರುತ್ತದೆ ಅಂತ ನೋಡುತ್ತಾರಂತೆ. ದುಡಿಮೆ ನಡೆಯುವ ಜಾಗಕ್ಕೆ ಸೂರು, ಕರೆಂಟು. ಸುಮ್ಮನೆ ಬಿದ್ದಿರುವ ಜಾಗ ಬೇರೆ ಯೋಜನೆಗೆ. ಬಂದವಳೇ ಮನೆಮನೆಗೆ ಹೋಗಿ ಗಂಟಲು ಹರಿದುಕೊಂಡಿದ್ದಳು, ನಾಳೆ ಇದ್ದದ್ದೆಲ್ಲಾ ಹೊರಗಿಡಿ, ಎಲ್ಲಾ ತೋರಿಸಿ ಎಂದು. ಎಲ್ಲರೂ ಕೋಲೆಬಸವನ ಹಾಗೆ ತಲೆಯಾಡಿಸಿದ್ದರು.

“ಮಾವ, ಏನಿದು?” ಪಕ್ಕಕ್ಕೆ ಎಳೆದು ಹಲ್ಲು ಕಡಿದಳು. “ಏನು ಹೇಳಿದ್ದೆ ನಾನು ನಿಮಗೆ?”

“ಹೇಳಿದ್ದೆ ಕಣಮ್ಮ. ಆದ್ರೆ ಅವನ ಕೈಲಿ ಟೇಪ್ ಇದೆ.”

“ಇದ್ರೆ?”

“ಟೇಪ್ ಹಿಡ್ಕೊಂಡು ಬಂದೋನು ಒಂದ್ಸಲನಾದ್ರೂ ಕೊಡೋಕೆ ಬಂದಿದ್ದುಂಟಾ? ಹೋದ್ಸಲ ಬಂದೋನು ಲಾರಿ ತಂದು ಎಲ್ಲಾ ತುಂಬ್ಕೊಂಡು ಹೋದ. ನನ್ನ ಹಳೇ ಗ್ಯಾಸ್ ತುಂಬೋ ಮೆಷಿನ್ನು ಇನ್ನೂ ಅವರ ಗೋಡೌನಲ್ಲೇ ತುಕ್ಕು ಹಿಡೀತಿದೆ. ಆಗ ನೀನಿನ್ನೂ ಈ ಮನೆಗೆ ಬಂದಿರ್ಲಿಲ್ಲ.” ಮಾವನ ಮುಖದಲ್ಲಿ ಗೆದ್ದವನ ಕಳೆ. “ಪಕ್ಕದ ಬೀದಿ ಅಳೀತಿದ್ದ. ನೋಡಿದವನೇ ಸಿಳ್ಳೆ ಹೊಡ್ದೆ. ಇಲ್ಲಿಗೆ ಬರೋಷ್ಟ್ರಲ್ಲಿ ಎಲ್ಲಾ ಒಳಗೆ! ಹೇಗೆ?”

ಅವಳು ಅವನನ್ನು ಬಿಟ್ಟು ಸರ್ವೇಯವನ ಬಳಿ ಹೋದಳು. “ಸರ್, ಇದು ಖಾಲಿ ಜಾಗ ಅಲ್ಲ. ಬೀದಿಗೆ ಬೀದಿನೇ ಇಲ್ಲಿ ರಿಪೇರಿ ಮಾಡಿ ಅನ್ನ ತಿನ್ನುತ್ತೆ.”

ಸರ್ವೇಯವನು ಹಣೆ ಒರೆಸಿಕೊಂಡ. ಅವನಿಗೂ ಸಾಕುಸಾಕಾಗಿತ್ತು. “ನಾನೂ ಅದನ್ನೇ ಕೇಳ್ದೆ ಮೇಡಂ. ನೆಲದ ತುಂಬಾ ಎಣ್ಣೆ ಕಲೆ ಇದೆಯಲ್ಲಾ ಅಂದೆ. ಮಳೆನೀರು ಅಂದ್ರು ನಿಮ್ಮ ಮಾವ. ಕೆಲಸ ಕಣ್ಣಿಗೆ ಕಾಣ್ಬೇಕು, ಫೋಟೋ ತೆಗೀಬೇಕು. ಇಲ್ದಿದ್ರೆ ಈ ಟ್ಯಾಬ್ ಮುಂದಕ್ಕೇ ಹೋಗಲ್ಲ. ಇವತ್ತು ಸಂಜೆಗೆ ಸರ್ವೇನೇ ಮುಗಿಯುತ್ತೆ.”

“ಫ್ರಿಜ್ಜಿಗೆ ಗ್ಯಾಸ್ ತುಂಬೋಳು ನಾನೇ ಸರ್. ಇದೇನು ಮತ್ತೆ?” ಸಿಲಿಂಡರನ್ನು ಅವನ ಕಾಲಬುಡದಲ್ಲಿ ಕುಕ್ಕಿದಳು.

“ಅಡುಗೇದು ಸರ್,” ಮಾವ ಹಿಂದಿನಿಂದ ಹೇಳಿದ.

ಅವಳು ಓಡಿದಳು. ವೆಲ್ಡರ್ ಬಾಗಿಲು ತೆಗೆಯಲಿಲ್ಲ. “ವೆಲ್ಡಿಂಗಾ? ಇಲ್ಲಿ ಯಾರೂ ಮಾಡಲ್ಲ,” ಎಂದ ಒಳಗಿನಿಂದ, ಅವಳ ದನಿ ಗುರುತಿದ್ದೂ. ವಾಷಿಂಗ್ ಮೆಷಿನ್ನಿನವಳು ಕಿಟಕಿಯ ಸಂದಿಯಿಂದ ಪಿಸುಗುಟ್ಟಿದಳು, “ಸುಮ್ನಿರೇ ತಾಯಿ, ಇವೆಲ್ಲಾ ಗಿರಾಕಿಗಳದ್ದು. ಹೋದ್ರೆ ನನ್ನ ಚರ್ಮ ಸುಲೀತಾರೆ.” ಕೊನೆಗೆ ತನ್ನ ಮನೆಗೇ ನುಗ್ಗಿದಳು. ಒಂದೇ ಕೋಣೆಯ ಮನೆ, ಗೋಡೆಯಿಂದ ಗೋಡೆಗೆ ಫ್ರಿಜ್ಜು. ಅವುಗಳ ಹಿಂದೆಲ್ಲೋ ಅತ್ತೆ ಕೂಗುತ್ತಿದ್ದಳು: “ಯಾರಾದ್ರೂ ನನ್ನ ಹೊರಗೆ ಬಿಡ್ರೋ! ಬಚ್ಚಲಿಗೆ ಹೋಗ್ಬೇಕು!”

ಬಾಗಿಲ ಬಳಿಯಿದ್ದ ಫ್ರಿಜ್ಜನ್ನು ತಬ್ಬಿ, ದಡದಡ ಎಳೆದು, ಹೊಸ್ತಿಲು ದಾಟಿಸುವಷ್ಟರಲ್ಲಿ ಸರ್ವೇಯವನೂ ಅಲ್ಲಿಗೇ ಬಂದ. ಬೆನ್ನಿಗೇ ಮಾವ.

“ನೋಡಿ ಸರ್! ರಿಪೇರಿಗೆ ಬಂದಿದ್ದು. ಒಳಗೆ ಇನ್ನೂ ಐದಿವೆ. ತೆಗೀರಿ ಫೋಟೋ.”

“ಅವಳ ಮಾತು ಕಟ್ಕೋಬೇಡಿ ಸರ್. ಎಲ್ಲಾ ನಮ್ಮ ಸ್ವಂತ ಬಳಕೆಗೆ.”

“ಆರು ಫ್ರಿಜ್ಜಾ?”

“ದೊಡ್ಡ ಸಂಸಾರ ಸರ್.”

“ಎಷ್ಟು ಜನ?”

“ನಾಲ್ಕು.”

ಸರ್ವೇಯವನು ಫೋಟೋಗೆಂದು ಟ್ಯಾಬ್ ಎತ್ತಿದವನು ಮತ್ತೆ ಇಳಿಸಿದ. “ಯಜಮಾನ್ರೇ ಅಲ್ಲ ಅಂದ್ಮೇಲೆ ನಾನು ಹೇಗೆ ಬರ್ಕೊಳ್ಳಿ ಮೇಡಂ? ನಾಳೆ ನನ್ನ ಕುತ್ತಿಗೆಗೆ ಬರುತ್ತೆ.”

“ಮತ್ತೆ ನಾನು? ನಾನು ಕೆಲಸದವಳಲ್ವಾ?”

ಅವನು ಮಾವನ ಮುಖ ನೋಡಿದ.

“ಇವಳಾ? ಮನೇಲಿರ್ತಾಳೆ ಸರ್.”

ಸರ್ವೇಯವನ ಬೆರಳು ಟ್ಯಾಬನ್ನು ಒತ್ತಿತು. ಖಾಲಿ ಜಾಗ, ಯಾರ ಬಳಕೆಯಲ್ಲೂ ಇಲ್ಲ. “ಪಾರ್ಕಿಂಗಿಗೆ ಜಾಗ ಹುಡುಕ್ತಿದ್ರು,” ಎಂದ ಅವಳ ಕಣ್ಣು ತಪ್ಪಿಸಿ. “ನಾನು ಗುರುತು ಹಾಕಿ ಹೋಗ್ತೀನಿ. ಬೇಲಿಯವರು ಬರ್ತಾರೆ.”

“ಬರ್ಲಿ ಬಿಡು,” ಮಾವ ಅವಳ ಕಿವಿಯಲ್ಲಿ ಉಸುರಿದ. “ಸಾಮಾನು ಉಳೀತಲ್ಲ!”

ಸರ್ವೇಯವನು ಅಂಗಳಕ್ಕೆ ವಾಪಸ್ ಹೋಗಿ, ಚೀಲದಿಂದ ಕಬ್ಬಿಣದ ಗೂಟ ತೆಗೆದು ಮೂಲೆಯಲ್ಲಿ ಹೊಡೆಯತೊಡಗಿದ. ಅದು ಎಣ್ಣೆ ಕುಡಿದು ಕುಡಿದು ಕಲ್ಲಾದ ನೆಲ. ಗೂಟ ಸೊಟ್ಟಗೆ ಜಾರಿತು. ಎತ್ತಿ ಹೊಡೆದರೆ ಮತ್ತೆ ಜಾರಿತು. ಮಾವನಿಗೆ ನೋಡಲಾಗಲಿಲ್ಲ. ಸೊಟ್ಟ ಕೆಲಸ ಅವನಿಗೆ ಯಾವತ್ತೂ ಸೇರದು.

“ಹಾಗಲ್ಲ ಸರ್, ಕೊಡಿ ಇಲ್ಲಿ.”

ಸುತ್ತಿಗೆ ಕಸಿದುಕೊಂಡ. ಗೂಟವನ್ನು ನೆಟ್ಟಗೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿ, ಬಲವಾಗಿ ಬಾರಿಸಿದ. ಅದು ತಲೆಯವರೆಗೆ ಇಳಿದ ಮೇಲೆ ಕೈಯಿಂದ ಅಲ್ಲಾಡಿಸಿ ನೋಡಿ, ಸೊಸೆಯತ್ತ ತಿರುಗಿ ನಕ್ಕ.

“ಇನ್ನು ಯಾರಪ್ಪ ಬಂದ್ರೂ ಇದನ್ನ ಕೀಳೋಕಾಗಲ್ಲ, ನೋಡು.”