ಹತ್ತನೆಯ ಸಾಲು

"ನೀವು ಹನ್ನೊಂದನೆಯವರು," ಎಂದು ಗುಮಾಸ್ತ ಸ್ಮಶಾನದ ಗೇಟಿಗೆ ಅಡ್ಡಲಾಗಿ ಕೈ ಚಾಚಿದ. "ಒಳಗೆ ಬಿಡೋಕಾಗಲ್ಲ."

ಮುದುಕಿ ಒಳಗೆ ಇಣುಕಿ ಬೆರಳು ಮಡಿಸಿದಳು. "ಇರೋದು ಒಂಬತ್ತೇ ತಲೆ ಅಲ್ವೇನಪ್ಪಾ?"

"ಪಟ್ಟಿಯಲ್ಲಿ ಹತ್ತಿದೆ. ಇನ್ನೊಬ್ಬರು ಬಾಕಿ."

ಜ್ವರ ಹಬ್ಬಿದ ಮೇಲೆ ಪುರಸಭೆ ಹೊರಡಿಸಿದ ಆದೇಶವನ್ನು ಗೇಟಿಗೇ ಅಂಟಿಸಿದ್ದರು. ಒಂದು ಶವಕ್ಕೆ ಹತ್ತು ಜನ, ಅರ್ಧ ಗಂಟೆ. ಪಟ್ಟಿ ಮೊದಲೇ ಕೊಡಬೇಕು. ಒಳಗೆ ಹೋದವರು ಬದಲಾಗುವಂತಿಲ್ಲ. ಹೊರಗಿರುವವರು ಜಾಗ ಬಿಟ್ಟುಕೊಡುವುದಾದರೆ ತಾವೇ ಗೇಟಿಗೆ ಬಂದು ಸಹಿ ಹಾಕಬೇಕು.

ನಲವತ್ತು ದಿನಗಳಿಂದ ಗೇಟು ಕಾಯುತ್ತಿದ್ದ ಗುಮಾಸ್ತ ಒಬ್ಬ ಹನ್ನೊಂದನೆಯವನನ್ನೂ ಬಿಟ್ಟಿರಲಿಲ್ಲ. ಊರು ಅವನಿಗೆ ಹತ್ತಪ್ಪ ಎಂದು ಹೆಸರಿಟ್ಟಿತ್ತು. ಎದುರಿನ ಮೋರಿಕಟ್ಟೆಯ ಮೇಲೆ ಒಬ್ಬ ಬಡಗಿ ಕೂತಿದ್ದ. ಹೋದ ವಾರ ಅಣ್ಣನನ್ನು ಹೂಳುವಾಗ ಹನ್ನೊಂದನೆಯವನಾಗಿ ಹೊರಗುಳಿದವನು. ಅಂದಿನಿಂದ ದಿನವೂ ಬಂದು ಕೂರುತ್ತಾನೆ. ಜಗಳ ಮಾಡುವುದಿಲ್ಲ. ಒಳಗೆ ಹೋಗುವವರನ್ನು ಎಣಿಸುತ್ತಾನೆ.

ಇಂದು ಒಂಬತ್ತು ಜನ ಒಬ್ಬೊಬ್ಬರಾಗಿ ಒಳಗೆ ಹೋಗಿದ್ದರು. ಕೊನೆಯ ಹೆಂಗಸು ಮಾತ್ರ ನಿಂತು, ಗುಮಾಸ್ತನ ಪುರಸಭೆಯ ತೋಳಪಟ್ಟಿಯನ್ನು ದಿಟ್ಟಿಸಿ, "ಇವತ್ತೂ ಇದೇನಾ?" ಎಂದಿದ್ದಳು. ಅವನು ಪಟ್ಟಿಯಲ್ಲಿ ಗುರುತು ಹಾಕಿದ್ದ. ಅವಳು ಒಳಗೆ ಹೋದ ಮೇಲೆ ತೋಳಪಟ್ಟಿಯ ಗಂಟು ಬಿಚ್ಚುತ್ತಿದ್ದ. ಅಷ್ಟರಲ್ಲಿ ಮುದುಕಿ ಬಂದಳು. ಮತ್ತೆ ಕಟ್ಟಿಕೊಂಡ.

"ಸಾರ್, ಹನ್ನೊಂದು ಗಂಟೆಗೆ ಇನ್ನೊಂದು ಗಾಡಿ ಬರುತ್ತೆ," ಎಂದು ಗುಂಡಿ ತೋಡುವವನು ಒಳಗಿನಿಂದ ಕೂಗಿದ. "ಮಣ್ಣು ಎಳೀಲಾ?"

"ತಾಳು. ಇನ್ನೊಬ್ಬರಿದ್ದಾರೆ."

ಗುಂಡಿ ತೋಡುವವನು ಗುಮಾಸ್ತನನ್ನೊಮ್ಮೆ ನೋಡಿ ಸಲಿಕೆ ಪಕ್ಕಕ್ಕಿಟ್ಟ.

"ಯಾರು, ಸತ್ತವಳ ಹಿರಿಮಗನಾ?" ಮುದುಕಿ ನಕ್ಕಳು. "ಅವನು ಬಂದಂಗೇ! ನಾನು ಈ ಜ್ವರಕ್ಕೆ ಸ್ವಲ್ಪ ಮುಂಚೆ ಪಕ್ಕದ ಮನೆಗೆ ಬಂದವಳು. ಜ್ವರ ಅಂತ ಬೀದಿ ಮುಚ್ಚಿದ್ರು, ಬೇರೆ ಮಕ್ಕಳು ದಾಟೋ ಹಾಗಿರಲಿಲ್ಲ. ತುತ್ತು ತಿನ್ನಿಸಿದ್ದು ನಾನು, ಕಣ್ಣು ಮುಚ್ಚಿದ್ದೂ ನಾನೇ. ಪಟ್ಟಿ ಬರೆದ ಪುಣ್ಯಾತ್ಮನಿಗೆ ನನ್ನ ನೆನಪೇ ಆಗಲಿಲ್ಲ."

ಗುಮಾಸ್ತ ಪಟ್ಟಿಯಿಂದ ಕಣ್ಣೆತ್ತಲಿಲ್ಲ.

"ಆ ಮಗ ದಿನಾ ಸಂಜೆ ಬರೋನು. ಔಷಧಿ ಚೀಲ ಬಾಗಿಲಿಗೆ ನೇತುಹಾಕಿ ತಿರುಗಿ ನಡೆಯೋನು. ಒಂದು ದಿನಾನೂ ಒಳಗೆ ಕಾಲಿಡಲಿಲ್ಲ. ಇವಳು ಕಿಟಕಿಯಲ್ಲಿ ಕೂತು ಅವನ ಬೆನ್ನು ನೋಡೋಳು. ನನ್ನನ್ನೂ ಕರೆದು ತೋರಿಸೋಳು. 'ಎಡ ಭುಜ ಇಳಿದುಹೋಗಿದೆ ನೋಡೇ, ಹೊಟ್ಟೆಗೆ ಸರಿಯಾಗಿ ತಿಂತಿಲ್ಲ' ಅನ್ನೋಳು. ಸಾಯೋಳು ಇವಳು, ಚಿಂತೆ ಅವನ ಹೊಟ್ಟೆದು!"

ಮುದುಕಿ ಚೀಲದಿಂದ ಒಂದು ಕನ್ನಡಕ ತೆಗೆದಳು. ಅದರ ಮುರಿದ ಕಡ್ಡಿಗೆ ನೀಲಿ ದಾರ ಸುತ್ತಿತ್ತು. "ಇದಿಲ್ಲದೆ ಅವಳಿಗೆ ಮೊಳ ದೂರ ಕಾಣಲ್ಲ. ಜೊತೆಗಿಡ್ತೀನಿ ಅಂತ ಮಾತು ಕೊಟ್ಟಿದ್ದೀನಿ."

"ಕೊಡಿ. ನಾನು ಇಡ್ತೀನಿ."

"ನೀನಾ?" ಮುದುಕಿಯ ದನಿ ಏರಿತು. "ನಿನ್ನ ಕೈಯಿಂದಾನಾ? ತಾಯಿ ಅನ್ನೋಳು ಒಬ್ಬಳಿಲ್ಲವೇನೋ ನಿನಗೆ?"

"ಇಲ್ಲ."

"ಅದಕ್ಕೇ."

ಗುಮಾಸ್ತ ಕನ್ನಡಕವನ್ನು ಅವಳ ಕೈಯಿಂದ ತೆಗೆದುಕೊಂಡ. ದಾರ ಸಡಿಲವಾಗಿತ್ತು. ಅದನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದ. ಅಂಗಿಯ ಅಂಚಿನಿಂದ ಗಾಜು ಒರೆಸಿದ. ಆಮೇಲೆ ಮೋರಿಕಟ್ಟೆಯ ಕಡೆ ನೋಡಿದ. ಬಡಗಿ ತಲೆಯೆತ್ತಿ ಕಾಯುತ್ತಿದ್ದ.

ಕನ್ನಡಕವನ್ನು ಮುದುಕಿಗೆ ಮರಳಿಸಿ ಗುಮಾಸ್ತ ಪೆನ್ನು ತೆಗೆದ. ಹತ್ತನೆಯ ಸಾಲಿನ 'ಹಿರಿಯ ಮಗ' ಎಂಬುದರ ಮೇಲೆ ಗೆರೆ ಎಳೆದು 'ನೆರೆಯವರು' ಎಂದು ಬರೆದ. ಪಕ್ಕದಲ್ಲಿ, ಬಿಟ್ಟುಕೊಟ್ಟವರ ಸಹಿಗೆಂದಿದ್ದ ಜಾಗದಲ್ಲಿ, ಸಹಿ ಹಾಕಿದ.

ಮುದುಕಿ ಕಣ್ಣು ಕಿರಿದು ಮಾಡಿದಳು. "ಅವನು ಬಂದೇ ಇಲ್ಲ, ಸಹಿ ಹೇಗೆ ಬಂತು? ಹತ್ತಪ್ಪನೂ ಕಳ್ಳ ಸಹಿ ಹಾಕ್ತಾನೆ ಅನ್ನು! ಯಾರಿಗೂ ಹೇಳಲ್ಲ ಬಿಡು."

"ಹೋಗಿ ಅಮ್ಮಾ. ಹೊತ್ತಾಗ್ತಿದೆ."

ಒಳಗೆ ಕಾಲಿಟ್ಟವಳು ನಿಂತಳು. "ಆ ಮಗ ಎಲ್ಲಾದರೂ ಸಿಕ್ಕರೆ ಹೇಳು. ಕೊನೇವರೆಗೂ ಕಿಟಕಿ ಮುಚ್ಚೋಕೆ ಬಿಡಲಿಲ್ಲ ಅವಳು ಅಂತ."

"ಹೇಳ್ತೀನಿ."

ಅವನು ಹೊರಗಿನಿಂದ ಚಿಲಕ ಹಾಕಿದ. ಬಡಗಿ ಬೆರಳುಗಳನ್ನು ಬಿಡಿಸಿಕೊಂಡ. ಲೆಕ್ಕ ಸರಿಯಿತ್ತು.

ಗುಂಡಿಯ ಸುತ್ತ ನಿಂತಿದ್ದ ಒಂಬತ್ತು ಜನರೂ ಮುದುಕಿಯನ್ನು ದಾಟಿ ಗೇಟಿನ ಕಡೆಗೇ ನೋಡುತ್ತಿದ್ದರು. ಮುದುಕಿ ಬಗ್ಗಿ ಕನ್ನಡಕವನ್ನು ಗೆಳತಿಯ ಮುಖದ ಮೇಲಿಟ್ಟು, ಅವರೆಲ್ಲ ಏನು ನೋಡುತ್ತಿದ್ದಾರೆಂದು ತಿರುಗಿದಳು. ಗೇಟಿನಾಚೆ ಗುಮಾಸ್ತ ಇತ್ತ ಬೆನ್ನು ಮಾಡಿ ನಿಂತಿದ್ದ.

ಎಡ ಭುಜ ಇಳಿದುಹೋಗಿತ್ತು.